ಮುಹೂರ್ತಕ್ಕೆ ಮೊದಲು ಇಬ್ಬರೇ: ಮದುವೆಯ ‘ಫಸ್ಟ್ ಲುಕ್’ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಳೇ ಮೈಸೂರು ಸೀಮೆಯ ಛತ್ರದ ಮದುವೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆದಿದ್ದೇನೆ. ಹಿಂದಿನ ಸಂಜೆ ವರಪೂಜೆ, ಆರತಕ್ಷತೆ; ಮಾರನೆಯ ಬೆಳಿಗ್ಗೆ ಧಾರೆ. ಬೇರೆ ಕಡೆಯ, ಬೇರೆ ಧರ್ಮದ ಮದುವೆಗಳ ಮಾತೂ ನಡುವೆ ಬರುತ್ತದೆ.

ಫಸ್ಟ್ ಲುಕ್ ಅಂದರೆ ಏನು?

ಅಲಂಕಾರ ಮುಗಿಸಿದ ಹುಡುಗ, ಹುಡುಗಿ ನೆಂಟರ ಕಣ್ಣಿಗೆ ಬೀಳುವ ಮೊದಲು ಒಬ್ಬರಿಗೊಬ್ಬರು ಕಾಣಿಸಿಕೊಂಡು ಹತ್ತು ನಿಮಿಷ ಇಬ್ಬರೇ ಇರುವುದು. ಮದುವೆಗೆ ಮೊದಲು ಮದುಮಗ ಮದುಮಗಳನ್ನು ನೋಡಬಾರದು ಎಂಬ ಹಳೆಯ ನಂಬಿಕೆ ಪಾಶ್ಚಾತ್ಯ ದೇಶಗಳಲ್ಲಿತ್ತು. ಅದನ್ನು ಸಡಿಲಿಸಿ, ಚರ್ಚ್‌ನ ವಿಧಿಗೆ ಮೊದಲೇ ಇಬ್ಬರನ್ನೂ ಒಂದೆಡೆ ಸೇರಿಸುವ ರೂಢಿಯನ್ನು ಅಮೆರಿಕದ ಮದುವೆ ಫೋಟೊಗ್ರಾಫರ್‌ಗಳು ಬೆಳೆಸಿದರು. ನಮ್ಮಲ್ಲೂ ಕ್ಯಾಂಡಿಡ್ ಫೋಟೊ ತೆಗೆಯುವವರು ಈಗ ಇದನ್ನು ಪ್ಯಾಕೇಜಿನಲ್ಲಿ ಸೇರಿಸುತ್ತಿದ್ದಾರೆ.

ನಮ್ಮದು ಪ್ರೇಮವಿವಾಹ. ವರ್ಷಗಳಿಂದ ದಿನಾ ನೋಡುತ್ತಿದ್ದೇವೆ. ಇದರಿಂದ ನಮಗೇನು ಸಿಗುತ್ತದೆ?

ಮಾತಾಡಲು ಸಮಯ ಸಿಗುತ್ತದೆ. ಛತ್ರಕ್ಕೆ ಕಾಲಿಟ್ಟ ಮೇಲೆ ಇಬ್ಬರಿಗೂ ಅದು ಸಿಗುವುದು ಕಷ್ಟ. ಹುಡುಗಿ ಒಂದು ಕೋಣೆಯಲ್ಲಿ, ಹುಡುಗ ಇನ್ನೊಂದರಲ್ಲಿ. ಆರತಕ್ಷತೆಯ ವೇದಿಕೆ ಹತ್ತಿದರೆ ಎರಡು ಮೂರು ಗಂಟೆ ಉಡುಗೊರೆ ಹಿಡಿದವರ ಸಾಲು, ಪಕ್ಕದಲ್ಲೇ ನಿಂತಿದ್ದರೂ “ನೀರು ಬೇಕಾ?” ಎಂದು ಕೇಳುವುದಕ್ಕಿಂತ ಹೆಚ್ಚು ಮಾತು ನಡೆಯುವುದಿಲ್ಲ. ಮಾರನೆಯ ದಿನ ಪುರೋಹಿತರು ಹೇಳಿದಂತೆ ಕೈ, ಕಾಲು, ದರ್ಭೆ, ಅಕ್ಷತೆ. ತಮ್ಮ ಮದುವೆಯಲ್ಲಿ ತಾವೇ ಒಬ್ಬರಿಗೊಬ್ಬರು ಸಿಗಲಿಲ್ಲ ಎಂದು ಎಷ್ಟೋ ದಂಪತಿ ಆಮೇಲೆ ಹೇಳುತ್ತಾರೆ. ಆ ಎರಡು ದಿನಗಳಲ್ಲಿ ಹತ್ತು ನಿಮಿಷವನ್ನು ಮೊದಲೇ ಕಾದಿರಿಸಿಟ್ಟುಕೊಳ್ಳುವುದು ನನ್ನ ದೃಷ್ಟಿಯಲ್ಲಿ ಹೂವಿನ ಅಲಂಕಾರಕ್ಕಿಂತ ಮುಖ್ಯವಾದ ಕೆಲಸ.

ಹಿರಿಯರು ನೋಡಿ ನಿಶ್ಚಯಿಸಿದ ಮದುವೆಯಾದರೆ ಇದರ ಬೆಲೆ ಇನ್ನೂ ಹೆಚ್ಚು. ನಿಶ್ಚಿತಾರ್ಥದ ನಂತರ ಫೋನಿನಲ್ಲೇ ಬೆಳೆದ ಪರಿಚಯ ಅದು. ಜನ ಸೇರುವ ಮೊದಲು ಇಬ್ಬರೇ ಎದುರುಬದುರಾದರೆ ವೇದಿಕೆಯ ಮೇಲಿನ ಬಿಗುವು ಅರ್ಧ ಇಳಿಯುತ್ತದೆ.

ನಮ್ಮ ಮದುವೆಯಲ್ಲಿ ಅಂತರಪಟ ಇರುತ್ತದೆ. ಮೊದಲೇ ನೋಡಿಬಿಟ್ಟರೆ ಅದರ ಅರ್ಥ ಹೋಗುವುದಿಲ್ಲವೇ?

ಎಲ್ಲಕ್ಕಿಂತ ಹೆಚ್ಚು ಯೋಚಿಸಬೇಕಾದ ಪ್ರಶ್ನೆ ಇದು. ಫೋಟೊಗ್ರಾಫರ್‌ಗಳು ಇದನ್ನು ಎತ್ತುವುದೇ ಅಪರೂಪ.

ನಮ್ಮ ವಿವಾಹವಿಧಿಯೊಳಗೇ ಒಂದು ಮೊದಲ ನೋಟ ಇದೆ. ಹುಡುಗ, ಹುಡುಗಿಯ ನಡುವೆ ಸ್ವಸ್ತಿಕ ಬರೆದ ತೆರೆ ಹಿಡಿಯುತ್ತಾರೆ; ಅದೇ ಅಂತರಪಟ. ಇಬ್ಬರ ಕೈಯಲ್ಲೂ ಜೀರಿಗೆ ಬೆಲ್ಲ. ಮಂಗಳಾಷ್ಟಕ ಮುಗಿದು, ಸುಮುಹೂರ್ತದ ಕ್ಷಣಕ್ಕೆ ಗಟ್ಟಿಮೇಳ ಮೊಳಗಿದಾಗ ತೆರೆ ಸರಿಯುತ್ತದೆ. ಒಬ್ಬರ ತಲೆಯ ಮೇಲೊಬ್ಬರು ಜೀರಿಗೆ ಬೆಲ್ಲ ಇಡುತ್ತಾರೆ. ಆಗ ಇಬ್ಬರೂ ಒಬ್ಬರನ್ನೊಬ್ಬರು ನೋಡುವುದು ವಿಧಿಯ ಒಂದು ಭಾಗ. ಪರಸ್ಪರ ನಿರೀಕ್ಷಣೆ ಎಂದು ಅದಕ್ಕೆ ಹೆಸರೇ ಇದೆ. ಋಗ್ವೇದದ 10ನೇ ಮಂಡಲದ 85ನೇ ಸೂಕ್ತದಲ್ಲಿ ‘ಅಘೋರಚಕ್ಷುಃ’ ಎಂದು ಶುರುವಾಗುವ 44ನೇ ಮಂತ್ರವನ್ನು ಗೃಹ್ಯಸೂತ್ರಗಳು ಈ ನೋಟಕ್ಕೆ ಹೇಳಿವೆ. ನಿನ್ನ ಕಣ್ಣಿನಲ್ಲಿ ಉಗ್ರತೆ ಇಲ್ಲದಿರಲಿ, ಮನಸ್ಸು ಒಳ್ಳೆಯದಿರಲಿ ಎಂಬ ಹಾರೈಕೆ ಅದು. ಮದುವೆಯ ದಿನ ಮೊದಲ ಬಾರಿ ಕಣ್ಣು ಸೇರುವ ಗಳಿಗೆಗೆ ಮಂತ್ರವನ್ನೇ ಇಟ್ಟ ಪದ್ಧತಿ ನಮ್ಮದು. ಅದರ ಕಾಲು ಗಂಟೆ ಮೊದಲು ಅದೇ ಸೀರೆ, ಅದೇ ಬಾಸಿಂಗದಲ್ಲಿ ಕೋಣೆಯೊಳಗೆ ಕ್ಯಾಮೆರಾ ಮುಂದೆ ನೋಡಿಕೊಂಡು ಬಂದರೆ, ತೆರೆಯ ಆಚೆ ಈಚೆ ನಿಂತವರಿಗೆ ಕಾಯುವ ಕಾತರವೇ ಉಳಿಯುವುದಿಲ್ಲ. ಕಾತರ ಇದ್ದವರ ಮುಖ ತೆರೆ ಸರಿದಾಗ ಹೇಗಿರುತ್ತದೆ ಎಂದು ನೋಡಿದವರಿಗೆ ಗೊತ್ತು.

ಹಾಗಾಗಿ ನನ್ನ ಸಲಹೆ ಖಚಿತವಾಗಿದೆ. ಧಾರೆಯ ದಿನ ಬೆಳಿಗ್ಗೆ ಫಸ್ಟ್ ಲುಕ್ ಬೇಡ. ಧಾರೆ ಸೀರೆ, ಪಂಚೆ, ಪೇಟ, ಬಾಸಿಂಗ ಇವೆಲ್ಲ ತೆರೆಗೇ ಮೀಸಲಿರಲಿ. ಫಸ್ಟ್ ಲುಕ್ ಹಿಂದಿನ ಸಂಜೆ, ಆರತಕ್ಷತೆಯ ಉಡುಪಿನಲ್ಲಿ ಆಗಲಿ. ಆಗ ಎರಡಕ್ಕೂ ಅದರದರ ಜಾಗ ಸಿಗುತ್ತದೆ: ಸಂಜೆ ಇಬ್ಬರೇ ಕೂತು ಮಾತು, ಬೆಳಿಗ್ಗೆ ಎಲ್ಲರ ನಡುವೆ ಮಾತಿಲ್ಲದ ನೋಟ.

ಸಂಜೆಯ ಗಂಟೆ ಲೆಕ್ಕ ಹೇಗೆ ಹಾಕಬೇಕು?

ಆರತಕ್ಷತೆಯ ಸಮಯದಿಂದ ಹಿಂದಕ್ಕೆ ಎಣಿಸಿ. ಆಹ್ವಾನಪತ್ರಿಕೆಯಲ್ಲಿ 7 ಗಂಟೆ ಎಂದಿದ್ದರೆ, 6.30ಕ್ಕೆ ಇಬ್ಬರೂ ಕೋಣೆಗೆ ಮರಳಿ ಮೇಕಪ್ ಸರಿಮಾಡಿಕೊಂಡು ಒಂದು ಲೋಟ ನೀರು ಕುಡಿಯುವಷ್ಟು ಬಿಡುವಿರಬೇಕು. ಅದಕ್ಕೆ ಮೊದಲಿನ ಅರ್ಧ ಗಂಟೆ ಜೋಡಿ ಫೋಟೊಗಳಿಗೆ. ಅದಕ್ಕೂ ಮೊದಲಿನ ಕಾಲು ಗಂಟೆ ನಿಮ್ಮಿಬ್ಬರದು. ಅಂದರೆ 5.45ಕ್ಕೆ ಹುಡುಗಿ ಸಂಪೂರ್ಣ ಸಿದ್ಧಳಾಗಿರಬೇಕು.

ಮೇಕಪ್, ಜಡೆ, ಸೀರೆ ಉಡಿಸುವುದು ಸೇರಿ ಮೂರು ಗಂಟೆ ಹಿಡಿಯುತ್ತದೆ ಎಂದೇ ಲೆಕ್ಕ ಹಾಕಿ. ಮೇಲೆ ಅರ್ಧ ಗಂಟೆ ಹೆಚ್ಚುವರಿ ಇಟ್ಟುಕೊಳ್ಳಿ. ಆಗ ಮೇಕಪ್ ಮಾಡುವವರು 2.15ಕ್ಕೆ ಕೆಲಸ ಶುರು ಮಾಡಬೇಕು. ಅವರು ಅದೇ ದಿನ ಹುಡುಗಿಯ ಅಮ್ಮ, ಅಕ್ಕ, ಅತ್ತಿಗೆಯರನ್ನೂ ಅಲಂಕರಿಸುವುದಿದ್ದರೆ ಹುಡುಗಿಯ ಸರದಿ ಮೊದಲು ಎಂದು ಮುಂಚೆಯೇ ಮಾತಾಡಿಡಿ. ತಡವಾಗುವುದು ಬಹುತೇಕ ಇಲ್ಲಿಯೇ.

ಇನ್ನೊಂದು ಗಂಟು ವರಪೂಜೆಯದು. ಹುಡುಗನ ಕಡೆಯವರನ್ನು ಛತ್ರದ ಬಾಗಿಲಲ್ಲಿ ಆರತಿ, ವಾಲಗದೊಂದಿಗೆ ಎದುರುಗೊಂಡು ಕರೆತರುವುದು ಹುಡುಗಿಯ ಅಪ್ಪ ಅಮ್ಮನಿಗೆ ದೊಡ್ಡ ಗೌರವದ ಸಂಗತಿ. ಅದಕ್ಕೆ ಮೊದಲೇ ಮದುಮಗ ಹಿಂದಿನ ಬಾಗಿಲಿಂದ ಒಳಗೆ ಬಂದು ಫೋಟೊ ತೆಗೆಸಿಕೊಂಡ ಎಂದರೆ ಅವರಿಗೆ ಸಹಜವಾಗಿಯೇ ನೋವಾಗುತ್ತದೆ. ವರಪೂಜೆಯನ್ನು 4.30ರ ಹೊತ್ತಿಗೆ ಇಟ್ಟುಕೊಂಡು 5.15ಕ್ಕೆ ಮುಗಿಸಿದರೆ, ಹುಡುಗ ಪಂಚೆಯಿಂದ ಸೂಟಿಗೋ ಶೇರ್ವಾನಿಗೋ ಬದಲಾಯಿಸಿಕೊಂಡು 5.45ಕ್ಕೆ ಬರಬಹುದು. ಹೊರಗಿನ ಊರಿಂದ ಬಸ್ಸಿನಲ್ಲಿ ಬರುವ ದಿಬ್ಬಣವಾದರೆ ಈ ಲೆಕ್ಕ ನಡೆಯುವುದು ಕಷ್ಟ. ಆಗ ವರಪೂಜೆ ಮುಗಿದ ಮೇಲೆ, 6.30ಕ್ಕೆ ಹತ್ತೇ ನಿಮಿಷ ಒಳಗಿನ ಕೋಣೆಯಲ್ಲಿ ಭೇಟಿಯಾಗಿ, ಜೋಡಿ ಫೋಟೊಗಳನ್ನು ಕೈಬಿಡಿ.

ಆ ಹೊತ್ತಿಗೆ ಬೆಳಕು ಇರುತ್ತದೆಯೇ?

ತಿಂಗಳನ್ನು ನೋಡಿ. ಬೆಂಗಳೂರಿನಲ್ಲಿ ನವೆಂಬರ್ ನಡುವೆ ಸೂರ್ಯ ಸುಮಾರು 5.50ಕ್ಕೇ ಮುಳುಗುತ್ತಾನೆ, ಫೆಬ್ರುವರಿಯಲ್ಲಿ 6.20ರ ಆಸುಪಾಸು, ಮೇ ತಿಂಗಳಲ್ಲಿ 6.40ರ ಹತ್ತಿರ. ತುಳಸಿ ಹಬ್ಬದ ನಂತರದ ಮದುವೆಗಳಿಗೆ ಎಲ್ಲವನ್ನೂ ಮುಕ್ಕಾಲು ಗಂಟೆ ಮುಂದೆ ತನ್ನಿ, ಇಲ್ಲವೇ ಒಳಗೇ ಮಾಡಿ. ಮೇ ತಿಂಗಳಲ್ಲಿ ಬೆಳಕಿಗೆ ಕೊರತೆಯಿಲ್ಲ, ಆದರೆ ಸಂಜೆಯ ಗುಡುಗು ಮಳೆ ಇದೆ. ತಾರಸಿಯನ್ನು ಆರಿಸಿದವರು ಒಳಗೊಂದು ಜಾಗವನ್ನೂ ನೋಡಿಟ್ಟಿರಬೇಕು.

ರಾಹುಕಾಲ ನೋಡಬೇಕೇ?

ಮನೆಯಲ್ಲಿ ನೋಡುವವರಿದ್ದರೆ ಖಂಡಿತ ನೋಡಿ. ಹೇಗೂ ಇದು ಹೊಂದಿಸಿಕೊಳ್ಳಬಹುದಾದ ಸಂಗತಿ. ರೂಢಿಯ ಲೆಕ್ಕದಲ್ಲಿ ಭಾನುವಾರ ಸಂಜೆ 4.30ರಿಂದ 6, ಮಂಗಳವಾರ 3ರಿಂದ 4.30, ಗುರುವಾರ 1.30ರಿಂದ 3. ಉಳಿದ ದಿನಗಳಲ್ಲಿ ಅದು ಬೆಳಿಗ್ಗೆಯೋ ನಡು ಮಧ್ಯಾಹ್ನವೋ ಮುಗಿದಿರುತ್ತದೆ. ಶನಿವಾರ ಆರತಕ್ಷತೆ, ಭಾನುವಾರ ಧಾರೆ ಇಟ್ಟುಕೊಂಡವರಿಗೆ ತೊಂದರೆಯೇ ಇಲ್ಲ, ಏಕೆಂದರೆ ಶನಿವಾರದ್ದು ಬೆಳಿಗ್ಗೆ 9ರಿಂದ 10.30. ಭಾನುವಾರ ಸಂಜೆ ಆರತಕ್ಷತೆ ಇರುವವರಿಗೆ ಮಾತ್ರ ಒಳ್ಳೆಯ ಬೆಳಕೂ ರಾಹುಕಾಲವೂ ಒಂದೇ ಹೊತ್ತಿಗೆ ಬೀಳುತ್ತವೆ. ಅವರು 6 ಗಂಟೆಯ ನಂತರ ಇಟ್ಟುಕೊಂಡರೆ ಅಜ್ಜಿಯ ಮನಸ್ಸಿಗೂ ಸಮಾಧಾನ.

ಛತ್ರದಲ್ಲಿ ಏಕಾಂತ ಎಲ್ಲಿದೆ?

ಹುಡುಕಿದರೆ ಇದೆ. ಬುಕ್ ಮಾಡಲು ಹೋದಾಗಲೇ, ಅಥವಾ ಮದುವೆಗೆ ಒಂದು ವಾರ ಮೊದಲು ಅದೇ ಸಂಜೆಯ ಹೊತ್ತಿಗೆ ಒಮ್ಮೆ ಸುತ್ತಿ ನೋಡಿ. ತಿಂಡಿಗೂ ರಾತ್ರಿಯ ಊಟಕ್ಕೂ ನಡುವೆ ಊಟದ ಮನೆ ಖಾಲಿ ಇರುತ್ತದೆ. ಉದ್ದನೆಯ ಸಾಲುಮೇಜುಗಳು, ಎತ್ತರದ ಕಿಟಕಿಗಳಿದ್ದರೆ ಚೆನ್ನಾಗಿ ಕಾಣುತ್ತದೆ ಕೂಡ. ಆದರೆ ಅಡುಗೆಯವರು ಯಾವಾಗ ಎಲೆ ಹಾಕಲು ಶುರು ಮಾಡುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ತಾರಸಿಯಲ್ಲಿ ನೀರಿನ ಟ್ಯಾಂಕು, ಒಣಹಾಕಿದ ಬಟ್ಟೆ ಇರಬಹುದು. ಒಂದು ಮೂಲೆ ಶುಚಿಯಾಗಿದ್ದರೆ ಸಾಕು, ಬೀಗದ ಕೈ ಯಾರ ಹತ್ತಿರ ಇದೆ ಎಂಬುದು ಮುಖ್ಯ. ಛತ್ರಕ್ಕೆ ಸೇರಿದ ಪುಟ್ಟ ಗುಡಿಯ ಪ್ರಾಂಗಣ ಇದ್ದರೆ ನಾನು ಅದನ್ನೇ ಆರಿಸುತ್ತೇನೆ. ಹಿರಿಯರಿಗೆ “ದೇವರಿಗೆ ಕೈಮುಗಿದು ಬರುತ್ತೇವೆ” ಎಂದು ಹೇಳಿ ಹೋಗಬಹುದು, ಅದು ನಿಜವೂ ಹೌದು.

ವಧುವಿನ ಕೋಣೆ ಬೇಡ. ಅಲ್ಲಿ ಸೀರೆ ಪೆಟ್ಟಿಗೆ, ಹೂವಿನ ಬುಟ್ಟಿ, ಮಲಗಿದ ಮಗು, ಪಿನ್ನು ಕೇಳಿಕೊಂಡು ಬರುವ ಚಿಕ್ಕಮ್ಮ ಎಲ್ಲರೂ ಇರುತ್ತಾರೆ.

ಮಲೆನಾಡಿನಲ್ಲಿ ಮನೆಯಂಗಳದಲ್ಲೇ ಚಪ್ಪರ ಹಾಕಿ ಮಾಡುವ ಮದುವೆಯಾದರೆ ಅಡಿಕೆ ತೋಟಕ್ಕಿಂತ ಒಳ್ಳೆಯ ಜಾಗ ಬೇರೆಯಿಲ್ಲ. ಮಳೆ ಬಿದ್ದ ನೆಲವಾದರೆ ಸೀರೆಯ ಅಂಚಿನ ಬಗ್ಗೆ ಎಚ್ಚರ.

ಲಾಲ್‌ಬಾಗ್, ಹಂಪಿ, ಕೆರೆ ದಂಡೆ ಹೀಗೆ ಹೊರಗೆ ಹೋಗಬಹುದೇ?

ಬೇಡ ಎನ್ನುತ್ತೇನೆ. ಬೆಂಗಳೂರಿನ ಸಂಜೆಯ ಸಂಚಾರದಲ್ಲಿ ಮದುವೆಯ ಹಿಂದಿನ ದಿನ ಹೊರಟರೆ ಮರಳುವ ಹೊತ್ತನ್ನು ಯಾರೂ ಹೇಳಲಾರರು. ಲಾಲ್‌ಬಾಗ್, ಕಬ್ಬನ್ ಪಾರ್ಕ್ ತೋಟಗಾರಿಕೆ ಇಲಾಖೆಯ ಸುಪರ್ದಿಯಲ್ಲಿವೆ. ಹಂಪಿಯಂಥ ಸಂರಕ್ಷಿತ ಸ್ಮಾರಕಗಳು ಪುರಾತತ್ವ ಇಲಾಖೆಯವು. ಮದುವೆಯ ಉಡುಪು, ಟ್ರೈಪಾಡ್, ಲೈಟು ಹೊತ್ತು ಹೋದವರನ್ನು ಅನುಮತಿ ಇಲ್ಲದೆ ಬಿಡುವುದಿಲ್ಲ. ಇದಕ್ಕಿಂತ ದೊಡ್ಡ ಕಾರಣ ಮನೆಯೊಳಗಿನದು: ಅರಿಶಿನ ಹಚ್ಚಿ ಕಂಕಣ ಕಟ್ಟಿದ ಮೇಲೆ ಮದುಮಕ್ಕಳು ಊರಗಡಿ ದಾಟಬಾರದು ಎಂಬ ಕಟ್ಟಳೆ ಎಷ್ಟೋ ಮನೆಗಳಲ್ಲಿ ಇದೆ. ಅಂಥ ತಾಣಗಳ ಆಸೆಯಿದ್ದರೆ ಅದನ್ನು ಪ್ರಿ ವೆಡ್ಡಿಂಗ್ ಶೂಟಿಗೆ ಇಟ್ಟುಕೊಳ್ಳಿ.

ಮನೆಯ ಹಿರಿಯರು ಒಪ್ಪುವುದಿಲ್ಲ. ಹೇಗೆ ಹೇಳುವುದು?

‘ಫಸ್ಟ್ ಲುಕ್’ ಎಂಬ ಹೆಸರಿಟ್ಟು ಶುರು ಮಾಡಬೇಡಿ. ಅಜ್ಜಿಗೆ ಅದು ತೆರೆಯ ಶಾಸ್ತ್ರಕ್ಕೆ ಪೈಪೋಟಿಯಂತೆ ಕೇಳಿಸುತ್ತದೆ. “ಅಜ್ಜಿ, ರಿಸೆಪ್ಷನ್‌ಗೆ ಮೊದಲು ನಾವಿಬ್ಬರೂ ಹತ್ತು ನಿಮಿಷ ಕೂತು ಮಾತಾಡಿ ಬರ್ತೀವಿ, ರಿಸೆಪ್ಷನ್ ಮುಗಿದ ಮೇಲೆ ಬೆಳಿಗ್ಗೆ ತೆರೆ ಸರಿಸೋವರೆಗೂ ಮತ್ತೆ ಮುಖ ನೋಡಲ್ಲ” ಎಂದರೆ ಅವರೇ ಬಾಗಿಲು ಕಾಯಲು ನಿಲ್ಲುತ್ತಾರೆ. ಹೇಳಿದ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ: ಆರತಕ್ಷತೆ ಮುಗಿದ ನಂತರ ಧಾರೆಯವರೆಗೆ ಭೇಟಿ ಬೇಡ.

ಪುರೋಹಿತರನ್ನೂ ಒಂದು ಮಾತು ಕೇಳಿ. ಅವರು ಬೇಡ ಎನ್ನುವುದು ಸಾಮಾನ್ಯವಾಗಿ ಧಾರೆಯ ಬೆಳಗಿನ ಭೇಟಿಗೆ. ಆಗ ಹುಡುಗಿಗೆ ಗೌರಿಪೂಜೆ, ಹುಡುಗನಿಗೆ ಕಾಶೀಯಾತ್ರೆ ಒಂದರ ಹಿಂದೊಂದು ಬರುತ್ತವೆ, ನಡುವೆ ಕದಿಯಲು ಹೊತ್ತೇ ಇರುವುದಿಲ್ಲ. ಹಿಂದಿನ ಸಂಜೆಗೆ ಅವರ ಅಡ್ಡಿ ಇರುವುದು ಕಡಿಮೆ. ಆರತಕ್ಷತೆಯಲ್ಲಿ ಇಬ್ಬರೂ ಹೇಗಿದ್ದರೂ ಜೊತೆಗೆ ನಿಲ್ಲುತ್ತಾರಲ್ಲ.

ಬೀಗರಿಗೆ ನಿಮ್ಮ ಅಪ್ಪ ಅಮ್ಮನ ಬಾಯಿಂದಲೇ ವಿಷಯ ತಿಳಿಯಲಿ. ಛತ್ರದ ಮೆಟ್ಟಿಲಲ್ಲಿ ಯಾರೋ ಹೇಳಿ ಗೊತ್ತಾಗಬಾರದು.

ಫೋಟೊಗ್ರಾಫರ್‌ಗೆ ಏನೇನು ಹೇಳಬೇಕು?

ಒಬ್ಬರೇ ಬರಲಿ, ದೂರದಿಂದ ಉದ್ದ ಲೆನ್ಸಿನಲ್ಲಿ ತೆಗೆಯಲಿ. ಕಾಲರಿಗೆ ಮೈಕು ಸಿಕ್ಕಿಸುವುದು ಬೇಡವೇ ಬೇಡ. ಮೈಕಿದೆ ಎಂದು ಗೊತ್ತಾದ ಕೂಡಲೇ ಬಾಯಿಗೆ ಬರುವುದು ವಿಡಿಯೊಗೆ ಬೇಕಾದ ಮಾತು, ಮನಸ್ಸಿನದಲ್ಲ. “ಈಗ ತಿರುಗಿ, ಈಗ ಕಣ್ಣು ಮುಚ್ಚಿ, ಇನ್ನೊಮ್ಮೆ ಆಶ್ಚರ್ಯಪಡಿ” ಎಂದು ನಿರ್ದೇಶಿಸಬಾರದು ಎಂದು ಮೊದಲೇ ಸ್ಪಷ್ಟವಾಗಿ ಹೇಳಿ. ಮೊದಲ ಮೂರು ನಿಮಿಷ ತೆಗೆದು, ಆಮೇಲೆ ಅವರು ಹೊರಗೆ ಹೋಗಬೇಕು. ಕಾಲು ಗಂಟೆ ಕಳೆದು ಜೋಡಿ ಫೋಟೊಗಳಿಗೆ ಮರಳಿದರೆ ಸಾಕು. ಡ್ರೋನ್ ಹಾರಿಸುತ್ತೇವೆ ಎಂದರೆ ಕೈಮುಗಿದು ಬೇಡವೆನ್ನಿ.

ಈ ಚಿತ್ರಗಳನ್ನು ನಿಮ್ಮನ್ನು ಕೇಳದೆ ಅವರ ಇನ್‌ಸ್ಟಾಗ್ರಾಂ ಪುಟಕ್ಕೆ ಹಾಕಬಾರದು ಎಂಬ ಸಾಲನ್ನು ಒಪ್ಪಂದದಲ್ಲಿ ಬರೆಸಿ. ಮುಂಗಡ ಕೊಡುವ ಮೊದಲು ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಕ್ಯಾಮೆರಾ ಇಲ್ಲದೆ ಮಾಡಬಹುದೇ?

ಮಾಡಬಹುದು. ನನಗೆ ಕೇಳಿದರೆ ಅದೇ ಮೇಲು.

ಏನು ಮಾತಾಡಬೇಕು? ಕಣ್ಣೀರು ಬರದಿದ್ದರೆ?

ಬರಲೇಬೇಕೆಂದಿಲ್ಲ. ರೀಲ್‌ಗಳಲ್ಲಿ ಗಂಡಸರು ಬಿಕ್ಕಿ ಅಳುವುದನ್ನು ನೋಡಿ, ತನಗೆ ಅಳು ಬರಲಿಲ್ಲ ಎಂದು ಹುಡುಗರು ಗಾಬರಿಯಾಗುವುದುಂಟು. ಕೆಲವರಿಗೆ ನಗು ಬರುತ್ತದೆ, ಕೆಲವರು ಮಾತೇ ಆಡುವುದಿಲ್ಲ. ಭಾಷಣ ಬರೆದುಕೊಂಡು ಹೋಗುವ ಅಗತ್ಯವಿಲ್ಲ. ಮಾತು ಹೊರಡದವರು ಒಂದು ಚೀಟಿ ಬರೆದು ಕೈಗಿಡಬಹುದು. “ಊಟ ಮಾಡಿದ್ಯಾ? ಕಾಲು ನೋಯ್ತಿದ್ಯಾ? ನಾಳೆ ಹೊಗೆಗೆ ಕಣ್ಣುರಿ ಬಂದ್ರೆ ನನ್ನ ಶಲ್ಯದಲ್ಲಿ ಒರೆಸ್ಕೋ” ಇಂಥ ಮಾತುಗಳೇ ಸಾಕು. ಮುಂದಿನ ಎರಡು ದಿನಕ್ಕೆ ಬೇಕಾಗುವ ಒಂದು ಕಣ್ಸನ್ನೆಯನ್ನೂ ಆಗಲೇ ಗೊತ್ತುಮಾಡಿಕೊಳ್ಳಿ: ವೇದಿಕೆಯ ಮೇಲೆ ದಣಿವಾದರೆ ಒಬ್ಬರಿಗೊಬ್ಬರು ಹೇಗೆ ತಿಳಿಸುವುದು ಎಂದು. ಖರ್ಚಿನ ಲೆಕ್ಕ, ಯಾರು ಬಂದಿಲ್ಲ, ಯಾರಿಗೆ ಕೋಣೆ ಸಿಕ್ಕಿಲ್ಲ ಎಂಬ ಮಾತು ಮಾತ್ರ ಆ ಹತ್ತು ನಿಮಿಷ ಬೇಡ.

ಮೊಗ್ಗಿನ ಜಡೆ ಹಾಕಿಸಿಕೊಳ್ಳುತ್ತಿದ್ದೇನೆ. ಅದಕ್ಕೇನಾದರೂ ಎಚ್ಚರಿಕೆ?

ಮಲ್ಲಿಗೆ ಮೊಗ್ಗು ಸಂಜೆ ಅರಳುವ ಹೂವು. ಸೆಕೆಯ ಕೋಣೆಯಲ್ಲಿ ಇನ್ನೂ ಬೇಗ. ಅರಳಿದರೆ ಜಡೆಯ ವಿನ್ಯಾಸದ ಸಾಲುಗಳು ಕಲಸಿಹೋಗುತ್ತವೆ. ಹೂವಿನವರು ಕೊಟ್ಟ ಜಡೆಯನ್ನು ಒದ್ದೆ ಬಟ್ಟೆ ಹೊದಿಸಿ ತಂಪಾದ ಕಡೆ ಇಟ್ಟು, ಕೊನೆಯಲ್ಲಿ ಕಟ್ಟಿಸಿಕೊಳ್ಳಿ. ಜಡೆಯ ಫೋಟೊಗಳು ಫಸ್ಟ್ ಲುಕ್ ಮುಗಿದ ಕೂಡಲೇ ಆಗಲಿ, ವೇದಿಕೆ ಇಳಿದ ಮೇಲೆಂದು ಇಟ್ಟುಕೊಳ್ಳಬೇಡಿ. ಹುಡುಗ ಪ್ರೀತಿಯಿಂದ ಬೆನ್ನು ತಟ್ಟುವಾಗಲೂ ಜಡೆಯ ನೆನಪಿರಲಿ.

ನನಗೆ ಆಸೆ, ಅವರಿಗೆ ತೆರೆ ಸರಿಯುವವರೆಗೂ ಕಾಯಬೇಕಂತೆ. ಏನು ಮಾಡಲಿ?

ಕಾಯುತ್ತೇನೆ ಎನ್ನುವವರ ಮಾತಿಗೆ ಮನ್ನಣೆ ಕೊಡಿ. ನೋಡದೆಯೂ ಜೊತೆಗಿರುವ ದಾರಿ ಇದೆ: ಅರೆ ತೆರೆದ ಬಾಗಿಲಿನ ಆಚೆಗೊಬ್ಬರು ಈಚೆಗೊಬ್ಬರು ನಿಂತು, ಕೈ ಮಾತ್ರ ಹಿಡಿದು ಐದು ನಿಮಿಷ ಮಾತಾಡುವುದು. ಹಿಂದಿನ ಸಂಜೆ ಆರತಕ್ಷತೆ ಇಲ್ಲದ ಮದುವೆಗಳಿಗೆ ಇದು ವಿಶೇಷವಾಗಿ ಒಪ್ಪುತ್ತದೆ.

ನಮ್ಮದು ಕರಾವಳಿ ಕಡೆ. ಮದುವೆ, ಊಟ ಎಲ್ಲ ಒಂದೇ ಹಗಲಲ್ಲಿ. ಆಗ?

ಅಲ್ಲಿ ಹಿಂದಿನ ರಾತ್ರಿ ಮೆಹಂದಿ ಅವರವರ ಮನೆಯಲ್ಲೇ ಆಗುವುದರಿಂದ ಇಬ್ಬರೂ ಸೇರುವುದು ಮದುವೆ ಹಾಲ್‌ನಲ್ಲಿಯೇ. ಬಾಗಿಲಾಚೆಯ ಭೇಟಿ ಒಂದು ದಾರಿ. ಧಾರೆ ಮುಗಿದು ಊಟಕ್ಕೆ ಕೂರುವ ಮೊದಲು ಕಾಲು ಗಂಟೆ ಕೋಣೆಯ ಬಾಗಿಲು ಹಾಕಿಕೊಳ್ಳುವುದು ಇನ್ನೊಂದು, ಅದೇ ಹೆಚ್ಚು ಸುಲಭ. ಮೊದಲ ನೋಟ ಅಲ್ಲದಿದ್ದರೂ ಗಂಡ ಹೆಂಡತಿಯಾಗಿ ಮೊದಲ ಮಾತು ಅದಾಗುತ್ತದೆ. ಉತ್ತರ ಕರ್ನಾಟಕದ ಹಲವು ಮನೆಗಳಲ್ಲಿ ಅಕ್ಕಿಕಾಳಿಗೆ (ಅಕ್ಷತೆ ಹಾಕುವ ಮುಹೂರ್ತಕ್ಕೆ) ಮೊದಲೇ ಸುರಗಿಗೆ, ಅಂದರೆ ಸುತ್ತ ಚೊಂಬಿಟ್ಟು ನೂಲು ಸುತ್ತಿ ನೀರೆರೆಯುವ ಶಾಸ್ತ್ರಕ್ಕೆ, ಇಬ್ಬರನ್ನೂ ಒಟ್ಟಿಗೆ ಕೂರಿಸುತ್ತಾರೆ. ಅಲ್ಲಿ ಬೇರೆ ಫಸ್ಟ್ ಲುಕ್ ಹುಡುಕುವ ಬದಲು, ಸುರಗಿ ಮುಗಿದ ಮೇಲೆ ಐದು ನಿಮಿಷ ಕೇಳಿ ಪಡೆಯಿರಿ.

ಚರ್ಚ್ ಮದುವೆ, ನಿಕಾಹ್, ಕೊಡವ ಮದುವೆಗಳಲ್ಲಿ?

ಮಂಗಳೂರು ಕಥೋಲಿಕರಲ್ಲಿ ಹಿಂದಿನ ದಿನದ ರೋಸ್, ಅಂದರೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ, ಅವರವರ ಮನೆಯಲ್ಲಿ ನಡೆಯುತ್ತದೆ. ಮದುವೆಯ ದಿನ ಚರ್ಚ್‌ಗೆ ಹೊರಡುವ ಮೊದಲು ಫಸ್ಟ್ ಲುಕ್‌ಗೆ ಸಮಯವೂ ಸಿಗುತ್ತದೆ, ಈ ರೂಢಿ ಹುಟ್ಟಿದ್ದೇ ಅಂಥ ಮದುವೆಗಳಲ್ಲಿ. ಆದರೂ ಬಿಳಿ ಗೌನಿನಲ್ಲಿ ಅಪ್ಪನ ಕೈ ಹಿಡಿದು ಬರುವ ಗಳಿಗೆಗೆ ಕಾಯುವ ಆಸೆ ಇದ್ದರೆ ಕಾಯಿರಿ. ದಖನಿ ಮುಸ್ಲಿಮರ ಮನೆಗಳಲ್ಲಿ ನಿಕಾಹ್ ಆದ ಮೇಲೆ ಜಲ್ವಾ ಇದೆ: ಕನ್ನಡಿಯಲ್ಲಿ ಒಬ್ಬರ ಮುಖ ಒಬ್ಬರು ನೋಡುವ ಶಾಸ್ತ್ರ. ಅದಕ್ಕೇ ನಿಧಾನವಾಗಿ ಹೊತ್ತು ಕೊಡಿ. ಅದಕ್ಕೆ ಮೊದಲು ಬೇರೆ ಭೇಟಿ ಬೇಕಿಲ್ಲ. ಕೊಡವರಲ್ಲಿ ಹಿಂದೆ ಮುಹೂರ್ತ ಎರಡೂ ಮನೆಗಳಲ್ಲಿ ಬೇರೆ ಬೇರೆಯಾಗಿ ನಡೆಯುತ್ತಿತ್ತು, ಈಗ ಕಲ್ಯಾಣ ಮಂಟಪದಲ್ಲಿ ಒಟ್ಟಿಗೆ ಮಾಡುವವರು ಹೆಚ್ಚು. ಕುಪ್ಯ ಚೇಲೆ (ಹುಡುಗನ ಉದ್ದ ಅಂಗಿ, ನಡುಪಟ್ಟಿ), ಕೆಂಪು ಸೀರೆಯ ಜೋಡಿಗೆ ಮುಹೂರ್ತ ಮುಗಿದ ಮೇಲಿನ ಹೊತ್ತು ಅನುಕೂಲ.

ನಮ್ಮದು ರಿಜಿಸ್ಟರ್ ಮದುವೆ, ಅಥವಾ ಕುವೆಂಪು ರೂಪಿಸಿದ ಸರಳ ಮದುವೆಯಾದ ಮಂತ್ರಮಾಂಗಲ್ಯ. ನಮಗೂ ಇದು ಬೇಕೇ?

ನಿಮಗೇ ಹೆಚ್ಚು ಒಪ್ಪುತ್ತದೆ. 1954ರ ವಿಶೇಷ ವಿವಾಹ ಕಾಯ್ದೆಯಡಿ ನೋಟಿಸ್ ಕೊಟ್ಟು 30 ದಿನ ಕಾದು, ಮೂವರು ಸಾಕ್ಷಿಗಳೊಂದಿಗೆ ಕಚೇರಿಗೆ ಹೋದರೆ ಸಹಿ ಮುಗಿಯುವುದು ಕೆಲವೇ ನಿಮಿಷದಲ್ಲಿ. ಆ ಬೆಳಿಗ್ಗೆ ಮನೆಯಲ್ಲೋ ಹತ್ತಿರದ ಉದ್ಯಾನದಲ್ಲೋ ಇಬ್ಬರೇ ಅರ್ಧ ಗಂಟೆ ಇದ್ದು ಹೊರಡಿ. ಮಂತ್ರಮಾಂಗಲ್ಯದಲ್ಲಿ ತೆರೆಯೂ ಇಲ್ಲ, ಮುಹೂರ್ತದ ಅವಸರವೂ ಇಲ್ಲ.

ಅಪ್ಪ ಅಮ್ಮನಿಗಾಗಿಯೂ ಇಂಥದ್ದೊಂದು ಮಾಡಬಹುದೇ?

ದಯವಿಟ್ಟು ಮಾಡಿ. ಛತ್ರದಲ್ಲಿ ಹುಡುಗಿಯ ಅಪ್ಪ ಒಂದು ಕಡೆ ನಿಲ್ಲುವುದಿಲ್ಲ. ಅಡುಗೆಯವರಿಗೆ ಹಾಲು ಸಾಲದು, ಬೀಗರ ಕಡೆಯ ಅಜ್ಜನಿಗೆ ಮಂಚ ಬೇಕು, ವಾಲಗದವರು ಬಂದರಾ, ಹೀಗೆ ಓಡುತ್ತಲೇ ಇರುತ್ತಾರೆ. ಅಲಂಕಾರ ಮಾಡಿಕೊಂಡ ಮಗಳನ್ನು ಅವರು ಮೊದಲು ನೋಡುವುದು ಧಾರೆಯ ನೀರು ಹಿಡಿದಾಗಲೋ ಏನೋ. ಸಂಜೆ ಹುಡುಗನನ್ನು ಭೇಟಿಯಾಗುವ ಮೊದಲು ಐದು ನಿಮಿಷ ಅಪ್ಪನನ್ನೂ ಅಮ್ಮನನ್ನೂ ಕೋಣೆಗೆ ಕರೆಸಿ, ಉಳಿದವರನ್ನೆಲ್ಲ ಹೊರಗೆ ಕಳಿಸಿ. ಹುಡುಗನೂ ತನ್ನ ಅಮ್ಮನ ಜೊತೆ ಹಾಗೆಯೇ. ಇಲ್ಲಿ ಒಂದೆರಡು ಫೋಟೊ ಇರಲಿ. ಮುಂದೆ ಆಲ್ಬಮ್ ತೆರೆದಾಗ ಮನೆಯವರೆಲ್ಲ ಮೊದಲು ಹುಡುಕುವ ಪುಟ ಇದಾಗುತ್ತದೆ.

ಅಮೆರಿಕದಲ್ಲಿ ಮದುವೆ. ಹೋಟೆಲಿನಲ್ಲಿ ಎಲ್ಲವೂ ಒಂದೇ ದಿನ. ಹೇಗೆ?

ಅಲ್ಲಿಯ ಫೋಟೊಗ್ರಾಫರ್‌ಗಳು ಫಸ್ಟ್ ಲುಕ್ ಇದ್ದೇ ಇರುತ್ತದೆ ಎಂದುಕೊಂಡು ಬೆಳಿಗ್ಗೆಯೇ ಇಡುತ್ತಾರೆ. ಅಂತರಪಟ ಎಂದರೇನು ಎಂದು ಅವರಿಗೆ ಮೊದಲೇ ವಿವರಿಸಿ, ತೆರೆ ಸರಿಯುವಾಗ ಇಬ್ಬರ ಮುಖವೂ ಸಿಗುವಂತೆ ಎರಡು ಬದಿಗೂ ಒಬ್ಬೊಬ್ಬರನ್ನು ನಿಲ್ಲಿಸಲು ಹೇಳಿ. ಇಬ್ಬರೇ ಇರುವ ಹೊತ್ತನ್ನು ಮಧ್ಯಾಹ್ನ, ಆರತಕ್ಷತೆಗೆ ಉಡುಪು ಬದಲಾಯಿಸಿದ ಮೇಲೆ ಇಟ್ಟುಕೊಳ್ಳಿ.

ಎಲ್ಲ ತಡವಾಗಿ, ಹತ್ತು ನಿಮಿಷವೂ ಉಳಿಯದಿದ್ದರೆ?

ಮೊದಲು ಬಿಡಬೇಕಾದದ್ದು ಫೋಟೊ. ಕ್ಯಾಮೆರಾದವರನ್ನು ಕಳಿಸಿ, ಮೂರೇ ನಿಮಿಷ ಆದರೂ ಭೇಟಿಯಾಗಿ. ಇದಕ್ಕಾಗಿ ಎರಡೂ ಕಡೆಯಿಂದ ಒಬ್ಬೊಬ್ಬರನ್ನು ಮೊದಲೇ ನೇಮಿಸಿರಬೇಕು. ಸೋದರಮಾವನ ಮಗನೋ ಹುಡುಗನ ಅಕ್ಕನೋ, ಯಾರಿಗೂ ಹೆದರದೆ ಬಾಗಿಲಲ್ಲಿ ನಿಲ್ಲಬಲ್ಲವರು. ಒಬ್ಬರು ಬಾಗಿಲು ಕಾಯಲಿ, ಇನ್ನೊಬ್ಬರು ವೇದಿಕೆಯ ಹತ್ತಿರ ಹೋಗಿ “ಇನ್ನೈದು ನಿಮಿಷ, ಬರ್ತಿದ್ದಾರೆ” ಎಂದು ವಾಲಗದವರಿಗೆ ಇನ್ನೊಂದು ಕೀರ್ತನೆ ನುಡಿಸಲು ಹೇಳಲಿ. ಆರತಕ್ಷತೆ ಐದು ನಿಮಿಷ ತಡವಾದರೆ ನೆಂಟರು ಕಾಯುತ್ತಾರೆ.